ಡಿಎಕ್ಸ್ ಸ್ಪಾಟ್: ಪುಣೆಯ ಕಿವಿಗೆ ಬಿದ್ದದ್ದು

ದೂರದ ಹವ್ಯಾಸಿ ರೇಡಿಯೊ ಕೇಂದ್ರವೊಂದು ಕೇಳಿಸಿದೊಡನೆ ಅದರ ಕರೆಸಂಕೇತ, ಆವರ್ತನ, ಗ್ರೀನಿಚ್ ಸಮಯ ಮತ್ತು ಕೇಳಿದವರ ಕರೆಸಂಕೇತಗಳನ್ನು ಉಳಿದ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ತಿಳಿಸುವ ಒಂದು ಸಾಲಿನ ಸೂಚನೆಯೇ ಸ್ಪಾಟ್. ಇಂಥ ಸಾಲುಗಳನ್ನು ಆ ಕ್ಷಣವೇ ಹಂಚುವ ಜಾಲಕ್ಕೆ ಡಿಎಕ್ಸ್ ಕ್ಲಸ್ಟರ್ ಎಂದು ಹೆಸರು. ಡಿಎಕ್ಸ್ ಎಂದರೆ ಹ್ಯಾಮ್‌ಗಳ ಮಾತಿನಲ್ಲಿ ದೂರ. ಮೊದಲು ಫೋನಿನಲ್ಲಿ, ಬಾಯಿಂದ ಬಾಯಿಗೆ ಹರಡುತ್ತಿದ್ದ ಸುದ್ದಿ 1980ರ ದಶಕದ ಕೊನೆಗೆ ಪ್ಯಾಕೆಟ್ ರೇಡಿಯೊಗೂ ಆಮೇಲೆ ಇಂಟರ್ನೆಟ್‌ಗೂ ಬಂತು. 2008ರಲ್ಲಿ ಬಂದ ಸಿಡಬ್ಲ್ಯು ಸ್ಕಿಮ್ಮರ್ ತಂತ್ರಾಂಶ ಒಂದೇ ಹೊತ್ತಿಗೆ ನೂರಾರು ಮೋರ್ಸ್ ಸಂಕೇತಗಳನ್ನು ಓದಬಲ್ಲದು. ಅದನ್ನು ಬಳಸುವ ರಿವರ್ಸ್ ಬೀಕನ್ ನೆಟ್‌ವರ್ಕ್‌ನಲ್ಲಿ ಕೇಳುವುದೂ ಯಂತ್ರ, ಹೇಳುವುದೂ ಯಂತ್ರ. 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಹದಿನೈದು ಸೆಕೆಂಡಿಗೊಂದು ಸರದಿಯಲ್ಲಿ ಸಂದೇಶ ಕಳಿಸುತ್ತದೆ. ಯಾರಿಗೆ ಯಾರು ಕೇಳಿಸಿದರೆಂಬುದು ಪಿಎಸ್‌ಕೆ ರಿಪೋರ್ಟರ್ ಎಂಬ ಜಾಲತಾಣದ ಭೂಪಟದಲ್ಲಿ ಮೂಡುತ್ತದೆ.

ಸ್ಪಾಟೆಂದರೆ ದೂರದ ಕೇಂದ್ರದ ಸುದ್ದಿ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜ ನೋಡಿದರೆ ಅದು ಮೊದಲು ಕೇಳಿದವರ ಊರಿನ ಸುದ್ದಿ. ಕಿರುತರಂಗಗಳು ಅಯಾನುಮಂಡಲದಲ್ಲಿ ಬಾಗಿ ಭೂಮಿಗೆ ಮರಳುವುದರಿಂದ, ಜರ್ಮನಿಯಲ್ಲಿ ಕೇಳಿದ ಜಪಾನಿನ ಕೇಂದ್ರ ಪುಣೆಯಲ್ಲೂ ಕೇಳಬೇಕೆಂದಿಲ್ಲ. ಪುಣೆಯ ಮಟ್ಟಿಗೆ ಈ ಮಾತಿಗೆ ಇನ್ನೂ ಬಲವಿದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಹಗಲಿನಲ್ಲಿ ಅಲ್ಲಿ ಮೇಲೇರಿದ ವಿದ್ಯುತ್ಕಣಗಳು ಉತ್ತರಕ್ಕೆ ಸರಿದು ಅಹಮದಾಬಾದು, ಭೋಪಾಲಗಳ ಆಸುಪಾಸಿನ ಆಕಾಶದಲ್ಲಿ ದಟ್ಟೈಸುತ್ತವೆ. 18.5 ಡಿಗ್ರಿ ಅಕ್ಷಾಂಶದ ಪುಣೆ ಇವೆರಡರ ನಡುವೆ ಇದೆ. ಯುರೋಪಿನ ಆಕಾಶಕ್ಕೆ ಈ ಏರಿಳಿತವಿಲ್ಲ, ಸ್ಪಾಟುಗಳ ರಾಶಿ ಮಾತ್ರ ಅಲ್ಲಿಂದಲೇ ಬರುತ್ತದೆ. ಹಾಗಾದರೆ ಪುಣೆಗೆ ಉಪಯುಕ್ತವಾದ ಸಾಲು ಯಾರದು? ಬಹುಮಟ್ಟಿಗೆ ಬೆಂಗಳೂರಿನದು. ಎರಡೂ ಊರುಗಳ ಅಂತರ ನೇರ ಲೆಕ್ಕದಲ್ಲಿ ಸುಮಾರು 735 ಕಿ.ಮೀ.; 14 ಮೆಗಾಹರ್ಟ್ಸ್‌ನಲ್ಲಿ ಇವು ಹಲವು ಹೊತ್ತು ಒಂದಕ್ಕೊಂದು ಕೇಳಿಸುವುದೇ ಇಲ್ಲ, ತರಂಗ ನಡುವಿನ ನೆಲವನ್ನು ಹಾರಿಹೋಗುತ್ತದೆ. ಆದರೂ ದೂರದ ಕೇಂದ್ರಕ್ಕೆ ಎರಡೂ ಒಂದೇ ದಿಕ್ಕಿನ ನೆರೆಹೊರೆ.

ಸ್ಪಾಟು ಹುಡುಕಾಟದ ಜಾಣ್ಮೆಯನ್ನು ಕೊಲ್ಲುತ್ತದೆ, ಬಟ್ಟಲಿಗೆ ಬಡಿಸಿದ ಊಟದಂತೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಹುರುಳಿದೆ, ಅನೇಕ ಸ್ಪರ್ಧೆಗಳು ಸ್ಪಾಟಿನ ನೆರವು ಪಡೆದವರನ್ನು ಬೇರೆ ವಿಭಾಗದಲ್ಲಿ ಎಣಿಸುವುದೂ ಅದಕ್ಕೇ. ಅಪರೂಪದ ಕೇಂದ್ರದ ಮೇಲೆ ಸಾವಿರಾರು ಜನ ಒಟ್ಟಿಗೆ ಮುಗಿಬೀಳುವುದೂ ಸುಳ್ಳಲ್ಲ. ಆದರೆ ಸ್ಪಾಟು ಎಲ್ಲಿ ಎಂದು ಹೇಳುತ್ತದೆಯೇ ಹೊರತು ಕೇಳಿಸಿಕೊಡುವುದಿಲ್ಲ. 1987ರ ಬಳಿಕ ಮೌನವಾಗಿದ್ದ ಅಂಡಮಾನ್ 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡದಿಂದ ಗಾಳಿಗೆ ಬಂದಾಗ ಜಗತ್ತಿನ ಹ್ಯಾಮ್‌ಗಳ ಗಮನವೆಲ್ಲ ಪೋರ್ಟ್ ಬ್ಲೇರ್ ಕಡೆಗಿತ್ತು. ಅದೇ ತಿಂಗಳ 26ರ ಸುನಾಮಿ ಬಂದೊಡನೆ ಅದೇ ಕೇಂದ್ರ ತುರ್ತು ಸಂದೇಶಗಳಿಗೆ ತಿರುಗಿತು. ಸ್ಪಾಟುಗಳನ್ನು ಆಟದ ಸಂಖ್ಯೆಗಳೆಂದು ತಳ್ಳಿಹಾಕುವವರು ಯಾವ ದಾರಿ ಯಾವಾಗ ತೆರೆದಿರುತ್ತದೆಂಬ ಈ ದಾಖಲೆಯ ಬೆಲೆಯನ್ನು ಮರೆಯುತ್ತಾರೆ.

ಎರಡನೆಯ ಆಕ್ಷೇಪ ತಪ್ಪುಗಳದು, ಅದು ಹೆಚ್ಚು ಗಟ್ಟಿ. ಮೋರ್ಸ್‌ನಲ್ಲಿ ‘ವಿ’ ಅಕ್ಷರಕ್ಕೆ ಮೂರು ಚುಕ್ಕೆ, ಒಂದು ಗೆರೆ. ‘4’ ಅಂಕಿಗೆ ನಾಲ್ಕು ಚುಕ್ಕೆ, ಒಂದು ಗೆರೆ. ಒಂದು ಚುಕ್ಕೆ ಹೆಚ್ಚಿಗೆ ಕೇಳಿಸಿದರೆ ಭಾರತದ ಕರೆಸಂಕೇತಗಳ ಆರಂಭದ ‘ವಿಯು’ ವಿಶ್ವಸಂಸ್ಥೆಯ ‘4ಯು’ ಆಗಿಬಿಡುತ್ತದೆ! ಇಬ್ಬರು ಮೂವರು ಬೇರೆ ಬೇರೆಡೆ ಒಂದೇ ಕರೆಸಂಕೇತ ಕೇಳಿದ್ದರೆ ಮಾತ್ರ ನಂಬುವುದು ಇದಕ್ಕೆ ಮದ್ದು. ಅದಕ್ಕೆ ಒಂದೇ ಪ್ರದೇಶದಲ್ಲಿ ಹಲವು ಕೇಳುಗರು ಇರಬೇಕು, ಸುತ್ತಲೂ ಗದ್ದಲ ಕಡಿಮೆ ಇರಬೇಕು. ಪುಣೆಯಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ, ತಲಾ 45 ಮೀಟರಿನ 30 ಆಂಟೆನಾಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ನಿಂತಿರುವುದಕ್ಕೂ ಅಲ್ಲಿ ಮನುಷ್ಯನಿರ್ಮಿತ ರೇಡಿಯೊ ಗದ್ದಲ ಕಡಿಮೆ ಎಂಬುದು ಒಂದು ಕಾರಣ. ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರುಗಳು ತುಂಬಿದ ನಗರದ ಮಹಡಿಮನೆಯಲ್ಲಿ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ದೂರದ ಕೇಂದ್ರವೊಂದರ ಹೆಸರಿನಲ್ಲಿ ಪುಣೆಯಿಂದ ಸ್ಪಾಟು ಬರದಿದ್ದರೆ ದಾರಿ ಮುಚ್ಚಿತ್ತೆಂದು ಓದಬಾರದು. ಬಿಲ್ಡಿಂಗಿನ ಲಿಫ್ಟು ಓಡುತ್ತಿದ್ದಿರಬಹುದು.