ಶ್ವಾಸಕೋಶದ ಊತಕಹಾನಿ, ತೀವ್ರ ವೈರಸ್ ವ್ಯಾಧಿಗಳಲ್ಲಿ

ಇನ್‌ಫ್ಲುಯೆಂಜ, ಸಾರ್ಸ್, ಮರ್ಸ್, ಕೋವಿಡ್-19 ಮೊದಲಾದ ವೈರಸ್ ಸೋಂಕುಗಳು ಮೂಗು ಗಂಟಲುಗಳ ಎಲ್ಲೆಯನ್ನು ದಾಟಿ ಶ್ವಾಸಕೋಶದ ಆಳಕ್ಕಿಳಿದಾಗ, ಅಲ್ಲಿನ ವಾಯುಕೋಶಗಳ ಭಿತ್ತಿಗೂ ಅವನ್ನು ಬಳಸಿಕೊಂಡಿರುವ ಲೋಮನಾಳಗಳಿಗೂ ಒದಗುವ ಹಾನಿ. ಇದರ ಪ್ರಧಾನ ರೂಪವನ್ನು ರೋಗಶಾಸ್ತ್ರದಲ್ಲಿ ವ್ಯಾಪಕ ವಾಯುಕೋಶಹಾನಿ ಎಂದು ಕರೆಯುವರು. ಎಆರ್‌ಡಿಎಸ್ ಎಂದು ಪ್ರಸಿದ್ಧವಾದ ತೀವ್ರ ಶ್ವಾಸಸಂಕಟದ ಲಕ್ಷಣಕೂಟವು ಇದರ ಬಾಹ್ಯ ಅಭಿವ್ಯಕ್ತಿಗಳಲ್ಲಿ ಮುಖ್ಯವಾದುದು. ಹಾನಿಗೆ ನಾಂದಿಯಾಗುವುದು ವೈರಸ್ಸೇ ಆದರೂ ಅದನ್ನು ಬೆಳೆಸಿ ವಿಸ್ತರಿಸುವುದರಲ್ಲಿ ದೇಹದ ಸ್ವರಕ್ಷಣಾ ವ್ಯಾಪಾರಕ್ಕೆ ದೊಡ್ಡ ಪಾಲುಂಟೆಂಬುದು ಈ ವ್ಯಾಧಿಯ ವಿಶೇಷ. ಇದರ ಗತಿಯನ್ನೂ ಚಿಕಿತ್ಸೆಯನ್ನೂ ಗ್ರಹಿಸಲು ಈ ಅಂಶವೇ ಆಧಾರ.

ರಚನೆ

ವಯಸ್ಕರ ಎರಡು ಶ್ವಾಸಕೋಶಗಳಲ್ಲಿ ಸುಮಾರು 30ರಿಂದ 50 ಕೋಟಿ ವಾಯುಕೋಶಗಳಿವೆ. ಒಂದೊಂದರ ವ್ಯಾಸ ಹೆಚ್ಚು ಕಡಮೆ 0.2 ಮಿಲಿಮೀಟರ್ ಮಾತ್ರವಾದರೂ ಇವೆಲ್ಲದರ ಒಳಮೈಯನ್ನು ಕೂಡಿಸಿದರೆ ಸುಮಾರು 70 ಚದರ ಮೀಟರಿನಷ್ಟಾಗುತ್ತದೆ. ಗಾಳಿಯನ್ನೂ ರಕ್ತವನ್ನೂ ಬೇರ್ಪಡಿಸುವ ತಡೆಯು ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ತೆಳುವಾಗಿರುವುದರಿಂದಲೇ ಆಮ್ಲಜನಕವು ಕ್ಷಣಮಾತ್ರದಲ್ಲಿ ರಕ್ತಕ್ಕೆ ಸೇರಬಲ್ಲದು. ಈ ಒಳಮೈಯ ಶೇ. 95ರಷ್ಟನ್ನು ಹೊದಿಸಿರುವ ಚಪ್ಪಟೆಯಾದ ಮೊದಲನೆಯ ಬಗೆಯ ಜೀವಕೋಶಗಳು ಒಮ್ಮೆ ಸತ್ತರೆ ತಮ್ಮ ಸ್ಥಾನವನ್ನು ತಾವೇ ತುಂಬಿಕೊಳ್ಳಲಾರವು. ಸಂಖ್ಯೆಯಲ್ಲಿ ಹೆಚ್ಚಾದರೂ ಅಲ್ಪ ಜಾಗವನ್ನಷ್ಟೇ ಆಕ್ರಮಿಸಿರುವ ಎರಡನೆಯ ಬಗೆಯ ಘನಾಕೃತಿಯ ಕೋಶಗಳಿಗಾದರೋ ಎರಡು ಕಾರ್ಯಗಳುಂಟು: ವಾಯುಕೋಶಗಳು ಕುಸಿಯದಂತೆ ಮೇಲ್ಮೈ ಕರ್ಷಣವನ್ನು ತಗ್ಗಿಸುವ ಸರ್ಫ್ಯಾಕ್ಟೆಂಟ್ ದ್ರವ್ಯವನ್ನು ಸ್ರವಿಸುವುದು ಒಂದು, ಅಳಿದ ಚಪ್ಪಟೆ ಕೋಶಗಳ ಎಡೆಗೆ ಹೊಸವನ್ನು ಹುಟ್ಟಿಸಿಕೊಡುವುದು ಮತ್ತೊಂದು. ಆದಕಾರಣ ಈ ಎರಡನೆಯ ಬಗೆಯ ಕೋಶಗಳಿಗೆ ಬೀಳುವ ಪೆಟ್ಟು ವಾಯುಕೋಶಗಳನ್ನು ಕುಸಿಯಗೊಡುವುದಲ್ಲದೆ ಅವುಗಳ ಪುನರ್ನಿರ್ಮಾಣವನ್ನೂ ಕುಂಠಿತಗೊಳಿಸುತ್ತದೆ.

ಹಾನಿಯ ಕ್ರಮ

ವೈರಸ್ಸು ಯಾವ ಜೀವಕೋಶವನ್ನು ಹೊಗಬಲ್ಲದೆಂಬುದು ಆ ಕೋಶದ ಮೇಲಿರುವ ಗ್ರಾಹಕಗಳನ್ನು ಅವಲಂಬಿಸಿದೆ. ಮನುಷ್ಯರಲ್ಲಿ ವರ್ಷವರ್ಷವೂ ಹರಡುವ ಇನ್‌ಫ್ಲುಯೆಂಜವು ಮೇಲಣ ಶ್ವಾಸಮಾರ್ಗದಲ್ಲಿ ವಿಪುಲವಾಗಿರುವ ಒಂದು ಬಗೆಯ ಸಯಾಲಿಕ್ ಆಮ್ಲಕ್ಕೆ ಅಂಟಿಕೊಂಡರೆ, ಎಚ್5ಎನ್1 ಹಕ್ಕಿಜ್ವರದ ವೈರಸ್ಸು ಶ್ವಾಸಕೋಶದ ಆಳದಲ್ಲಿ ಹೆಚ್ಚಾಗಿ ದೊರಕುವ ಇನ್ನೊಂದು ಬಗೆಯದಕ್ಕೆ ಅಂಟುತ್ತದೆ. ಅದು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡದಿದ್ದರೂ ತಗುಲಿದವರಲ್ಲಿ ಉಗ್ರವಾದ ನ್ಯುಮೋನಿಯವನ್ನು ತರುವುದಕ್ಕೆ ಇದೂ ಒಂದು ಕಾರಣವೆಂದು ಎಣಿಸಲಾಗಿದೆ. ಸಾರ್ಸ್ ಮತ್ತು ಕೋವಿಡ್-19ರ ವೈರಸ್ಸುಗಳು ಎಸಿಇ2 ಎಂಬ ಪ್ರೋಟೀನಿನ ಮೂಲಕ ಒಳಹೊಗುತ್ತವೆ. ಆ ಪ್ರೋಟೀನು ಎರಡನೆಯ ಬಗೆಯ ಕೋಶಗಳ ಮೇಲೆ ಇರುತ್ತದೆ.

ಸೋಂಕು ತಗುಲಿದ ಕೋಶಗಳೂ ವಾಯುಕೋಶಗಳಲ್ಲಿ ನೆಲೆಸಿರುವ ಭಕ್ಷಕಕೋಶಗಳೂ ಇಂಟರ್‌ಲ್ಯೂಕಿನ್-6 ಮೊದಲಾದ ಸಂಕೇತದ್ರವ್ಯಗಳನ್ನು ಬಿಡುಗಡೆ ಮಾಡಲು, ರಕ್ತದಿಂದ ಬಿಳಿಯ ಕಣಗಳು ಆ ಎಡೆಗೆ ಧಾವಿಸುತ್ತವೆ. ಸೋಂಕು ಅಲ್ಪವಾಗಿದ್ದಲ್ಲಿ ಈ ಉರಿಯೂತವು ತನ್ನ ಕಾರ್ಯವನ್ನು ಮುಗಿಸಿ ಶಮನಗೊಳ್ಳುವುದು. ತೀವ್ರ ವ್ಯಾಧಿಯಲ್ಲಿಯಾದರೋ ಅದು ಮಿತಿಯನ್ನು ಮೀರಿ, ಬಿಳಿಯ ಕಣಗಳು ಉಗುಳುವ ಕಿಣ್ವಗಳು ಆರೋಗ್ಯವಂತ ಕೋಶಗಳನ್ನೂ ಜೀರ್ಣಿಸುತ್ತವೆ, ಲೋಮನಾಳಗಳ ಸಂದುಗಳು ಸಡಿಲುತ್ತವೆ, ಪ್ರೋಟೀನುಯುಕ್ತವಾದ ರಕ್ತದ್ರವವು ಗಾಳಿ ಇರಬೇಕಾದ ಸ್ಥಳಕ್ಕೆ ಸೋರುತ್ತದೆ. ಕೋವಿಡ್-19ರಲ್ಲಿ ಅನೇಕ ರೋಗಿಗಳ ಸ್ಥಿತಿ ಎರಡನೆಯ ವಾರದಲ್ಲಿ, ಎಂದರೆ ಗಂಟಲಿನಲ್ಲಿ ವೈರಸ್ಸಿನ ಪ್ರಮಾಣ ಇಳಿಮುಖವಾಗುತ್ತಿರುವಾಗಲೇ, ಹದಗೆಟ್ಟುದು ಈ ಕಾರಣದಿಂದ.

ಅವಸ್ಥೆಗಳು

ಸೂಕ್ಷ್ಮದರ್ಶಕದಲ್ಲಿ ಈ ಹಾನಿಯು ಒಂದರೊಳಗೊಂದು ಬೆರೆಯುವ ಮೂರು ಅವಸ್ಥೆಗಳಾಗಿ ತೋರುತ್ತದೆ. ಮೊದಲ ವಾರದ ಸ್ರಾವಾವಸ್ಥೆಯಲ್ಲಿ ವಾಯುಕೋಶಗಳು ದ್ರವದಿಂದ ತುಂಬಿ, ಸತ್ತ ಕೋಶಗಳ ಶೇಷವೂ ಫೈಬ್ರಿನ್ನೂ ರಕ್ತದ್ರವದ ಪ್ರೋಟೀನುಗಳೂ ಕೂಡಿ ಅವುಗಳ ಒಳಗೋಡೆಗೆ ನಸುಗೆಂಪಾಗಿ ಬಣ್ಣಹಿಡಿಯುವ ಕಾಚಾಭ ಪೊರೆಗಳಾಗಿ ಲೇಪಗೊಳ್ಳುತ್ತವೆ. ವ್ಯಾಪಕ ವಾಯುಕೋಶಹಾನಿಯ ನಿರ್ಣಾಯಕ ಚಿಹ್ನೆ ಈ ಪೊರೆಗಳೇ. ಒಂದು ವಾರದ ಬಳಿಕ ತೊಡಗುವ ವೃದ್ಧ್ಯವಸ್ಥೆಯಲ್ಲಿ ಉಳಿದುಕೊಂಡ ಎರಡನೆಯ ಬಗೆಯ ಕೋಶಗಳು ಮಿಗಿಲಾಗಿ ವೃದ್ಧಿಹೊಂದಿ ಬರಿದಾದ ಭಿತ್ತಿಯನ್ನು ಹೊದಿಸಲೆಳಸುತ್ತವೆ, ತಂತುಕೋಶಗಳು ಒಳನುಗ್ಗಿ ಸ್ರಾವವನ್ನು ಹಿಡಿದಿಡುತ್ತವೆ. ಬಹುಮಂದಿಯಲ್ಲಿ ಇಲ್ಲಿಂದ ಗುಣಮುಖದ ಹಾದಿ ತೆರೆಯುವುದು. ಕೆಲವರಲ್ಲಿ ಮಾತ್ರ ಕೊಲಾಜೆನ್ ಬಲಿತು ತಂತೂಕರಣದ ಅವಸ್ಥೆ ಒದಗಿ, ಶ್ವಾಸಕೋಶವು ಬಾಗದ, ಹಿಗ್ಗದ ಕಲೆಯ ಊತಕವಾಗಿ ಪರಿಣಮಿಸುತ್ತದೆ. 2020ರಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಕೋವಿಡ್‌ನಿಂದ ಮೃತಪಟ್ಟವರೊಬ್ಬರ ಶವಪರೀಕ್ಷೆ ನಡೆದಾಗ, ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶವು ಚರ್ಮದ ಚೆಂಡಿನಂತೆ ಗಟ್ಟಿಯಾಗಿದ್ದುದು ವರದಿಯಾಯಿತು.

ಎಲ್ಲ ವೈರಸ್ಸುಗಳ ಗುರುತೂ ಒಂದೇ ತೆರನಲ್ಲ. ಇನ್‌ಫ್ಲುಯೆಂಜದಲ್ಲಿ ಶ್ವಾಸನಾಳಗಳ ಒಳಪದರವು ಸುಲಿದುಹೋಗಿ ಬ್ಯಾಕ್ಟೀರಿಯಗಳಿಗೆ ದಾರಿಯಾಗುವುದು ಸಾಮಾನ್ಯ. ಕೋವಿಡ್-19ರಲ್ಲಿ ರಕ್ತನಾಳಗಳ ಪೀಡೆಯೇ ಮುಂದಾಗಿ ಕಾಣುತ್ತದೆ: 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ವ್ಯಾಧಿಯಿಂದ ಮೃತರಾದ ಏಳು ಮಂದಿಯ ಶ್ವಾಸಕೋಶಗಳನ್ನು ಇನ್‌ಫ್ಲುಯೆಂಜದಿಂದ ಮೃತರಾದ ಏಳು ಮಂದಿಯವುಗಳೊಡನೆ ಹೋಲಿಸಿ, ಮೊದಲಿನವುಗಳ ಲೋಮನಾಳಗಳಲ್ಲಿ ಸೂಕ್ಷ್ಮ ಹೆಪ್ಪುಗಳು ಒಂಬತ್ತು ಪಟ್ಟು ಅಧಿಕವೆಂದು ತೋರಿಸಿತು.

ಚರಿತ್ರೆ

1918ರ ಇನ್‌ಫ್ಲುಯೆಂಜ ಪಿಡುಗಿನಲ್ಲಿ ದೃಢಕಾಯರಾದ ತರುಣರ ಮುಖ ನೇರಳೆ ಬಣ್ಣಕ್ಕೆ ತಿರುಗಿ ಕೆಲವೇ ದಿನಗಳಲ್ಲಿ ಅವರು ಅಸುನೀಗಿದುದನ್ನು ಅಂದಿನ ವೈದ್ಯರು ದಾಖಲಿಸಿದ್ದಾರೆ. ಅಂದಿನ ಮರಣಗಳಲ್ಲಿ ಬಹುಪಾಲಿಗೆ ವೈರಸ್ಸಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯ ನ್ಯುಮೋನಿಯ ಕಾರಣವೆಂಬುದು, ಕಾಪಿಟ್ಟಿದ್ದ ಊತಕಗಳನ್ನು ಮರಳಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ವಿದಿತವಾಯಿತು. ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಿದ್ದ, ಆ ಪಿಡುಗಿಗೆ ಬಲಿಯಾದವರ ಶವಗಳಿಂದ ಯೋಹಾನ್ ಹುಲ್ಟಿನ್ ಎಂಬ ಸಂಶೋಧಕನು 1951ರಲ್ಲಿ ಶ್ವಾಸಕೋಶದ ತುಣುಕುಗಳನ್ನು ತೆಗೆದು ವೈರಸ್ಸನ್ನು ಬೆಳೆಸಲು ಯತ್ನಿಸಿ ವಿಫಲನಾದನು. 1997ರಲ್ಲಿ ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವನು ಅಲ್ಲಿಗೆ ಮರಳಿ ತಂದ ಊತಕವು ವಿಜ್ಞಾನಿ ಜೆಫ್ರಿ ಟಾಬೆನ್‌ಬರ್ಗರ್ ತಂಡಕ್ಕೆ ಆ ವೈರಸ್ಸಿನ ವಂಶವಾಹಿಗಳನ್ನು ಓದಲು ನೆರವಾಯಿತು.

ಎಆರ್‌ಡಿಎಸ್ ಲಕ್ಷಣಕೂಟವನ್ನು ಮೊದಲು ವಿವರಿಸಿದವರು ಅಮೆರಿಕದ ಡೆನ್ವರಿನ ಆಶ್‌ಬಾ, ಬಿಗೆಲೋ, ಪೆಟ್ಟಿ ಮತ್ತು ಲೆವೀನ್. ಅವರು 1967ರಲ್ಲಿ ವರ್ಣಿಸಿದ 12 ರೋಗಿಗಳಲ್ಲಿ 7 ಮಂದಿ ಮೃತರಾದರು. ವ್ಯಾಪಕ ವಾಯುಕೋಶಹಾನಿ ಎಂಬ ಹೆಸರು 1976ರಲ್ಲಿ ಕಾಟ್ಸನ್‌ಸ್ಟೈನ್ ಮತ್ತು ಸಹೋದ್ಯೋಗಿಗಳ ಲೇಖನದಿಂದ ರೂಢಿಗೆ ಬಂದಿತು.

ಲಕ್ಷಣ ಮತ್ತು ನಿದಾನ

ಉಸಿರಾಟದ ವೇಗ ಏರುವುದು, ರಕ್ತದ ಆಮ್ಲಜನಕ ಇಳಿಯುವುದು, ಅಧಿಕ ಆಮ್ಲಜನಕವನ್ನು ಕೊಟ್ಟರೂ ಅದು ನಿರೀಕ್ಷಿಸಿದಷ್ಟು ಮೇಲೇರದಿರುವುದು ಮುಖ್ಯ ಲಕ್ಷಣಗಳು. ದ್ರವ ತುಂಬಿದ ವಾಯುಕೋಶಗಳನ್ನು ಹಾದುಬರುವ ರಕ್ತವು ಗಾಳಿಯ ಸಂಪರ್ಕವಿಲ್ಲದೆಯೇ ಹೃದಯಕ್ಕೆ ಹಿಂದಿರುಗುವುದರಿಂದ ಹೀಗಾಗುವುದು. ಸಿ.ಟಿ. ಚಿತ್ರದಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಮಸುಕು ಗಾಜಿನಂಥ ಛಾಯೆ ಹರಡಿರುತ್ತದೆ. 2012ರ ಬರ್ಲಿನ್ ನಿರೂಪಣೆಯ ಮೇರೆಗೆ, ಅಪಧಮನಿ ರಕ್ತದ ಆಮ್ಲಜನಕ ಒತ್ತಡವನ್ನು ಸೇದುವ ಗಾಳಿಯ ಆಮ್ಲಜನಕದ ಅಂಶದಿಂದ ಭಾಗಿಸಿದ ಫಲ 300ಕ್ಕೆ ಇಳಿದರೆ ಸೌಮ್ಯ, 200ಕ್ಕೆ ಇಳಿದರೆ ಮಧ್ಯಮ, 100ಕ್ಕೆ ಇಳಿದರೆ ತೀವ್ರ.

ಚಿಕಿತ್ಸೆ

ಇನ್‌ಫ್ಲುಯೆಂಜಕ್ಕೆ ಕೊಡುವ ಆಸೆಲ್ಟಮಿವಿರ್‌ನಂಥ ವೈರಸ್‌ರೋಧಕಗಳು ರೋಗಾರಂಭದ 48 ಗಂಟೆಗಳೊಳಗೆ ದೊರೆತರೆ ಹೆಚ್ಚು ಫಲಕಾರಿ. ಊತಕಹಾನಿ ಬಲಿತ ಮೇಲೆ ವೈರಸ್ಸನ್ನು ತಡೆದಷ್ಟರಿಂದಲೇ ಅದು ನಿಲ್ಲದು. ಅಲ್ಲಿಂದ ಮುಂದೆ ವೈದ್ಯನ ಕರ್ತವ್ಯವೆಂದರೆ ಶ್ವಾಸಕೋಶವು ತಾನಾಗಿ ಮಾಯುವವರೆಗೆ ರೋಗಿಯನ್ನು ಉಳಿಸಿಕೊಂಡು, ಆ ಪ್ರಯತ್ನದಲ್ಲಿ ಹೊಸ ಹಾನಿಯನ್ನು ಮಾಡದಿರುವುದು. ಕೃತಕ ಶ್ವಾಸಯಂತ್ರವೇ ಅಳಿದುಳಿದ ವಾಯುಕೋಶಗಳನ್ನು ಅತಿಯಾಗಿ ಹಿಗ್ಗಿಸಿ ಗಾಯಗೊಳಿಸಬಲ್ಲದು. ಒಂದೊಂದು ಉಸಿರಿನ ಪ್ರಮಾಣವನ್ನು ದೇಹತೂಕದ ಕಿಲೋಗ್ರಾಮಿಗೆ 12 ಮಿಲಿಲೀಟರಿನಿಂದ 6ಕ್ಕೆ ಇಳಿಸಿದಾಗ ಮರಣವು ಶೇ. 39.8ರಿಂದ 31ಕ್ಕೆ ತಗ್ಗಿತೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷಣವು ತೋರಿಸಿತು. ತೀವ್ರ ರೋಗಿಗಳನ್ನು ದಿನಕ್ಕೆ 16 ಗಂಟೆಗಳಷ್ಟು ಬೋರಲಾಗಿ ಮಲಗಿಸಿದರೆ ಮರಣವು ಅರ್ಧದಷ್ಟಾಗುವುದೆಂದು 2013ರ ಫ್ರೆಂಚ್ ಪರೀಕ್ಷಣವು ಸ್ಥಾಪಿಸಿತು.

ಉರಿಯೂತವನ್ನು ತಗ್ಗಿಸುವ ಔಷಧಗಳಲ್ಲಿ ಕಾಲವಿವೇಚನೆಯೇ ಪ್ರಧಾನ. 2020ರಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷಣದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಶ್ವಾಸಯಂತ್ರದಲ್ಲಿದ್ದ ಕೋವಿಡ್ ರೋಗಿಗಳ ಮರಣವನ್ನು ಸುಮಾರು ಮೂರನೆಯ ಒಂದಂಶದಷ್ಟು ಕಡಮೆ ಮಾಡಿತಾದರೂ, ಆಮ್ಲಜನಕದ ಆವಶ್ಯಕತೆಯೇ ಇಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ರಕ್ಷಣಾಶಕ್ತಿಯನ್ನು ವಿವೇಚನೆಯಿಲ್ಲದೆ ಕುಗ್ಗಿಸುವುದರ ಅಪಾಯವನ್ನು 2021ರಲ್ಲಿ ಕರ್ನಾಟಕವೂ ಸೇರಿದಂತೆ ಭಾರತದ ಉದ್ದಗಲಕ್ಕೆ ತಲೆದೋರಿದ ಕಪ್ಪು ಶಿಲೀಂಧ್ರ ರೋಗವು ಸ್ಪಷ್ಟಪಡಿಸಿತು. ಹತೋಟಿ ತಪ್ಪಿದ ಮಧುಮೇಹದೊಡನೆ ಸ್ಟೀರಾಯ್ಡುಗಳ ಅತಿಬಳಕೆಯೂ ಅದಕ್ಕೆ ಕಾರಣಗಳಲ್ಲೊಂದೆಂದು ಗುರುತಿಸಲಾಯಿತು.

ಪರಿಣಾಮ

ಬದುಕಿ ಉಳಿದವರಲ್ಲಿ ಶ್ವಾಸಕೋಶದ ಕಾರ್ಯವು ತಿಂಗಳುಗಳ ಅವಧಿಯಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ಎಆರ್‌ಡಿಎಸ್‌ನಿಂದ ಪಾರಾದವರನ್ನು ಐದು ವರ್ಷ ಅನುಸರಿಸಿ ಕೆನಡದಲ್ಲಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಸಿರಾಟದ ಪರೀಕ್ಷೆಗಳ ಫಲಿತಾಂಶ ಸಹಜಕ್ಕೆ ಸಮೀಪಿಸಿದ್ದರೂ ಅವರು ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರವು ನಿರೀಕ್ಷಿತ ದೂರದ ಶೇ. 76ರಷ್ಟೇ ಆಗಿದ್ದಿತು. ಸ್ನಾಯುಗಳ ದೌರ್ಬಲ್ಯ, ಖಿನ್ನತೆ ಮೊದಲಾದ ಉಪದ್ರವಗಳು ಉಳಿದುಬರುವುದರಿಂದ, ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೂ ವ್ಯಾಯಾಮ, ಪೋಷಣೆ ಮತ್ತು ಮನಸ್ಸಿನ ಆರೈಕೆಗಳನ್ನು ಚಿಕಿತ್ಸೆಯ ಅಂಗವೆಂದೇ ಪರಿಗಣಿಸಲಾಗುತ್ತದೆ.