ಪೊೞ್ತಿನಿಂದ ಇವತ್ತಿನವರೆಗೆ

ಹಳಗನ್ನಡ ಕಾವ್ಯಗಳನ್ನು ಓದತೊಡಗಿದವರನ್ನು ಕಣ್ಣಿಗೇ ಹೊಸದಾಗಿ ಕಂಡು ತಡೆದು ನಿಲ್ಲಿಸುವ ಪದಗಳಲ್ಲಿ ‘ಪೊೞ್ತು’ ಒಂದು. ಕಾಲ, ವೇಳೆ, ಸೂರ್ಯ ಎಂಬುವು ಇದರ ಅರ್ಥಗಳು. ನಡುವಿನ ೞಕಾರ ಇಂದಿನ ವರ್ಣಮಾಲೆಯಲ್ಲಿಲ್ಲ. ವ್ಯಾಕರಣಕಾರರು ಅದನ್ನು ರಳ ಎಂದು ಕರೆದರು. ಇಷ್ಟು ಅಪರಿಚಿತವಾಗಿ ಕಾಣುವ ಈ ಪದ ಇಂದು ಎಲ್ಲರ ಬಾಯಲ್ಲೂ ಇರುವ ‘ಹೊತ್ತು’.

ಈ ರೂಪಾಂತರ ಎರಡು ಬದಲಾವಣೆಗಳ ಫಲ. ವ್ಯಂಜನದ ಹಿಂದಿದ್ದ ೞಕಾರ ಮೊದಲು ರೇಫವಾಗಿ, ಆಮೇಲೆ ಮುಂದಿನ ಅಕ್ಷರದಲ್ಲಿ ಸೇರಿಹೋಯಿತು: ಪೊೞ್ತು, ಪೊರ್ತು, ಪೊತ್ತು. ಕೞ್ತೆ ಕತ್ತೆಯಾದದ್ದೂ ಗೞ್ದೆ ಗದ್ದೆಯಾದದ್ದೂ ಹೀಗೆಯೇ. ಪದದ ಮೊದಲ ಪಕಾರ ಹಕಾರವಾದದ್ದು ಇನ್ನೊಂದು ಬದಲಾವಣೆ. ಪಾಲು ಹಾಲಾದಂತೆ ಪೊತ್ತು ಹೊತ್ತಾಯಿತು. ತುಳುವಿನಲ್ಲಿ ‘ಪೊರ್ತು’ ಎಂಬ ರೂಪ ಇಂದಿಗೂ ಬಳಕೆಯಲ್ಲಿದೆ. ತಮಿಳಿನ ‘ಪೊೞುದು’, ತೆಲುಗಿನ ‘ಪ್ರೊದ್ದು’ ಇದೇ ಬಳ್ಳಿಯವು.

ಸೂರ್ಯ ಎಂಬ ಅರ್ಥ ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಎಂಬ ಮಾತುಗಳಲ್ಲಿ ಉಳಿದಿದೆ. ಹಳೇ ಮೈಸೂರಿನ ಕಡೆ ಬೆಳಗಿನ ಜಾವಕ್ಕೆ ‘ಹೊತ್ತಾರೆ’ ಎನ್ನುವುದುಂಟು. ವೇಳೆ ಎಂಬ ಅರ್ಥ ‘ಹೊತ್ತುಗೊತ್ತಿಲ್ಲದೆ’, ‘ಹೊತ್ತು ಹೋಗದೆ’, ‘ಹೊತ್ತು ಮೀರಿ’ ಮುಂತಾದ ನುಡಿಗಟ್ಟುಗಳಲ್ಲಿದೆ. ಊಟವನ್ನೂ ಹೊತ್ತಿನಿಂದಲೇ ಎಣಿಸುತ್ತಾರೆ. ದಿನಕ್ಕೊಂದೇ ಊಟ ಮಾಡುವ ವ್ರತ ‘ಒಪ್ಪತ್ತು’. ಬಿಡಿಪದದಲ್ಲಿ ಹಕಾರವಾದ ಪಕಾರ ಇಂಥ ಸಮಾಸದೊಳಗೆ ಹಾಗೆಯೇ ಉಳಿದುಕೊಂಡಿದೆ. ‘ಈ ಹೊತ್ತು’ ಸವೆದು ‘ಇವತ್ತು’ ಆಯಿತು. ‘ಆವತ್ತು’, ‘ಯಾವತ್ತು’ಗಳ ಹುಟ್ಟೂ ಅದೇ ಬಗೆಯದು.

ಅಕ್ಷರ ಮರೆಯಾದಾಗ ಅರ್ಥಗಳು ಬೆರೆತವು. ಭಾರ ‘ಹೊತ್ತು’ ಬಂದವನ ಹೊತ್ತೂ ವೇಳೆಯ ಹೊತ್ತೂ ಇಂದು ಬರಹದಲ್ಲಿ ಒಂದೇ. ಹಳಗನ್ನಡದಲ್ಲಿ ಮೊದಲನೆಯದು ಪೊತ್ತು, ಎರಡನೆಯದು ಪೊೞ್ತು. ೞಕಾರವಿದ್ದರೆ ಓದುಗನಿಗೆ ಅನುಮಾನವೇ ಇಲ್ಲ. ಪುಸ್ತಕ ಎಂಬರ್ಥದ ‘ಹೊತ್ತಗೆ’ಗೂ ಇದಕ್ಕೂ ನಂಟಿಲ್ಲ, ಅದು ಸಂಸ್ಕೃತದ ‘ಪುಸ್ತಕ’ದಿಂದ ಬಂದ ತದ್ಭವ.

ಹಳೆಯ ಪದಗಳು ಕಠಿಣವೆನಿಸುವುದು ಇಂದಿನವರಿಗೆ ಮಾತ್ರವಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. 16ನೆಯ ಶತಮಾನದಲ್ಲಿ ಲಿಂಗಮಂತ್ರಿ ‘ಕಬ್ಬಿಗರ ಕೈಪಿಡಿ’ಯಲ್ಲಿ ಹಳಗನ್ನಡ ಪದಗಳಿಗೆ ಅರ್ಥ ಬರೆದ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಪಂಪನ ಓದುಗರಿಗೆ ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಇಂದಿನ ಆಸರೆಗಳು.

ಆದರೆ ನಿಘಂಟು ತೆರೆಯುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. ಪಕಾರವನ್ನು ಹಕಾರ ಮಾಡಿ, ೞಕಾರವನ್ನು ಸ್ವರದ ಹಿಂದಿದ್ದರೆ ಳಕಾರವಾಗಿಸಿ, ವ್ಯಂಜನದ ಹಿಂದಿದ್ದರೆ ಒತ್ತಕ್ಷರದೊಳಗೆ ಸೇರಿಸಿ ಓದಬೇಕು. ಮೞೆ ಮಳೆಯಾಗುತ್ತದೆ, ಕೋೞಿ ಕೋಳಿಯಾಗುತ್ತದೆ, ಪೞೆಯದು ಹಳೆಯದಾಗುತ್ತದೆ. ಪಟ್ಟಣ ಎಂಬರ್ಥದ ‘ಪೊೞಲ್’ನಂಥವು ಮಾತ್ರ ಈ ಪರೀಕ್ಷೆಗೆ ಪೂರ್ತಿ ಬಗ್ಗುವುದಿಲ್ಲ: ‘ಹೊಳಲು’ ಎಂಬ ರೂಪ ಸಿಕ್ಕರೂ ಅದು ಇಂದು ಊರ ಹೆಸರಾಗಿಯಷ್ಟೇ ಉಳಿದಿರುವುದರಿಂದ ಅರ್ಥಕ್ಕೆ ನಿಘಂಟೇ ಬೇಕು.