ರಂಗನತಿಟ್ಟು: ಕಟ್ಟಿದ್ದು ಹೊಲಕ್ಕೆ, ಬಂದದ್ದು ಹಕ್ಕಿ

1638. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಡಚ್ಚರು ಬಂದು ನೆಲೆ ನಿಂತ ವರ್ಷ. ಅದೇ ವರ್ಷ ಇಲ್ಲಿ ಶ್ರೀರಂಗಪಟ್ಟಣದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದರು. ಒಂದಕ್ಕೊಂದು ಏನು ಸಂಬಂಧ ಅಂತೀರಾ? ಸಂಬಂಧ ಇಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಾರಿಷಸ್‌ನಲ್ಲಿ ಡೋಡೋ ಅಂತ ಒಂದು ಹಕ್ಕಿ ಇತ್ತು. ಹಾರೋಕೆ ಬರದು, ನೆಲದ ಮೇಲೇ ಮೊಟ್ಟೆ. ಹಡಗಿನಲ್ಲಿ ಬಂದ ಇಲಿ, ಹಂದಿ, ಕೋತಿಗಳು ಆ ಮೊಟ್ಟೆಗಳನ್ನು ಬಿಡಲಿಲ್ಲ. ಶತಮಾನ ಮುಗಿಯುವಷ್ಟರಲ್ಲಿ ಡೋಡೋ ಇರಲಿಲ್ಲ.

ಅದೇ ಕಾಲದಲ್ಲಿ, 1645ರಿಂದ 1648ರ ನಡುವೆ, ಕಂಠೀರವರು ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದರು. ಅವರ ತಲೆಯಲ್ಲಿ ಇದ್ದದ್ದು ಹೊಲ ಗದ್ದೆ, ಹಕ್ಕಿಯಲ್ಲ. ಆದರೆ ನೀರು ನಿಂತಿತು, ನಡುವೆ ತಿಟ್ಟುಗಳು ಉಳಿದವು, ತಿಟ್ಟಿನ ಮೇಲೆ ಮರ ಬೆಳೆಯಿತು, ಮರಕ್ಕೆ ಕೊಕ್ಕರೆ ಬಂತು. ಅದೇ ರಂಗನತಿಟ್ಟು. ಅಲ್ಲಿ ದ್ವೀಪ ಇತ್ತು, ಹಕ್ಕಿ ಹೋಯಿತು. ಇಲ್ಲಿ ದ್ವೀಪವೇ ಹೊಸದಾಗಿ ಹುಟ್ಟಿ ಹಕ್ಕಿಯನ್ನು ಕರೆಯಿತು.

ಮುನ್ನೂರು ವರ್ಷ ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ನೋಡಿ, ಇದನ್ನು ಕಾಪಾಡಿ ಎಂದು ಅರಮನೆಗೆ ಹೇಳಿದರು. 1940ರಲ್ಲಿ ಪಕ್ಷಿಧಾಮ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಏಳು ವರ್ಷ ಇತ್ತು, ನೆನಪಿರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದಂತೂ 1972ರಲ್ಲಿ.

ಹಕ್ಕಿಗೆ ಈ ತಿಟ್ಟೇ ಯಾಕೆ ಬೇಕು? ಸುತ್ತ ನೀರು, ನೀರಲ್ಲಿ ಮೊಸಳೆ. ಮರಿಗಳಿಗೆ ಇದಕ್ಕಿಂತ ಕಾವಲು ಬೇಕಾ? ನಾವು ಮೈಸೂರಿನವರು ನೆಂಟರು ಬಂದಾಗ ಮಾತ್ರ ದೋಣಿ ಹತ್ತಿ, ಮೊಸಳೆ ಕಂಡರೆ ಕೂಗಿ, ಮನೆಗೆ ಬರ್ತೀವಿ. ಆ ಮೊಸಳೆ ಅಲ್ಲಿ ಡ್ಯೂಟಿ ಮೇಲಿದೆ ಸ್ವಾಮಿ.

ಆದರೆ ಮೇಲುಗಡೆ ಕೆಆರ್‌ಎಸ್ ಇದೆ. ನೀರು ತೀರಾ ಇಳಿದರೆ ನಾಯಿ, ನರಿ ನಡೆದೇ ಬರಬಹುದು. ಮಳೆಗಾಲದಲ್ಲಿ ಗೇಟು ಎತ್ತಿದರೆ ತಗ್ಗಿನ ಗೂಡುಗಳು ಮುಳುಗುತ್ತವೆ, ತಿಟ್ಟಿನ ಮಣ್ಣು ಕೊಚ್ಚಿಹೋಗುತ್ತದೆ. ಬರಿ ಬಂಡೆಯ ಮೇಲೆ ಮೊಟ್ಟೆ ಇಡುವ ರೀವ ಹಕ್ಕಿಗೆ ಬೇಸಿಗೆಯಲ್ಲಿ ಒಂದೆರಡು ಅಡಿ ನೀರು ಏರಿದರೂ ಸಾಕು, ಆ ವರ್ಷದ ಸಂತಾನ ಹೋಯಿತು. ನಾವು ಅಣೆಕಟ್ಟೆಯ ಮಟ್ಟವನ್ನು ದಿನಾ ಹೇಳ್ತೀವಿ, ಇಷ್ಟು ಅಡಿ, ಇಷ್ಟು ಕ್ಯೂಸೆಕ್ ಅಂತ. ಬೆಂಗಳೂರಿಗೆ ಕುಡಿಯೋ ನೀರೆಷ್ಟು, ಮಂಡ್ಯದ ಗದ್ದೆಗೆಷ್ಟು, ತಮಿಳುನಾಡಿಗೆಷ್ಟು, ಎಲ್ಲ ಲೆಕ್ಕ ಬರುತ್ತದೆ. ತಿಟ್ಟು ಎಷ್ಟು ಮುಳುಗಿತು ಅಂತ ನಮ್ಮ ಪರದೆಯ ಮೇಲೂ ಬರಲ್ಲ. ಆ ತಪ್ಪು ನಮ್ಮದೂ ಹೌದು.

2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಜಗತ್ತಿನ ಭೂಪಟದಲ್ಲಿ ಹೆಸರು ಬಂತು, ಸಂತೋಷ. ಅಲ್ಲಿ ತಿಟ್ಟಿನ ದಡ ಹಿಡಿದು ನಿಲ್ಲಿಸೋಕೆ ಅರಣ್ಯ ಇಲಾಖೆಯವರು ಈಗಲೂ ಮರಳಿನ ಚೀಲ ಪೇರಿಸುತ್ತಾರೆ, ದೋಣಿಯಲ್ಲಿ ಹೊತ್ತು ತಂದು.